ಫ್ಯಾಮಿಲಿ ಎಲ್ಲಿ ಅದಾರ್ರಿ?

ನಮ್ಮ ಹುಬ್ಬಳ್ಳಿ-ಧಾರವಾಡದ ಹೋಟೆಲುಗಳಿಗೆ ಬೋರ್ಡು ಬರೆಯುವ ಪೇಂಟರುಗಳಿಗೆ ಎಲ್ಲ ಶಬ್ದಗಳೂ ಬರುತ್ತವೆ, ಒಂದನ್ನು ಬಿಟ್ಟು. ಇಡ್ಲಿ, ಗಿರಮಿಟ್ಟು, ಮಿರ್ಚಿ, ಶುದ್ಧ ಸಸ್ಯಾಹಾರಿ, ಎಲ್ಲವನ್ನೂ ದುಂಡಗೆ ಬರೆಯುತ್ತಾರೆ. 'ಫ್ಯಾಮಿಲಿ' ಎಂಬಲ್ಲಿಗೆ ಬಂದಾಗ ಮಾತ್ರ ಕುಂಚ ಮುಗ್ಗರಿಸುತ್ತದೆ. ಫ್ಯಾಮಲಿ, ಫೆಮೀಲಿ, ಪ್ಯಾಮ್ಲಿ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಬಾಯಲ್ಲಿ 'ಫಾಮಲಿ ರೂಮ ಮ್ಯಾಲೆ ಇದೆ' ಎಂಬ ಬೋರ್ಡು ನಾನು ಸಾಲಿಗೆ ಹೋಗುವಾಗಿನಿಂದ ಕಾಲೇಜು ಮುಗಿಸುವವರೆಗೂ ಇತ್ತು. ಮೊದಲೆಲ್ಲ ಇಂಥ ಬೋರ್ಡು ಕಂಡರೆ ನಗು ಬರುತ್ತಿತ್ತು. ಈಗ ಸಿಟ್ಟು ಬರುತ್ತದೆ. ಕಾಗುಣಿತದ ಮೇಲಲ್ಲ, ಆ ಶಬ್ದದ ಮೇಲೆಯೇ.

ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ನಮ್ಮ ಕಡೆ ಫ್ಯಾಮಿಲಿ ಎಂದರೆ ಕುಟುಂಬವಲ್ಲ, ಹೆಂಡತಿ. 'ಇವರು ನಮ್ಮ ಫ್ಯಾಮಿಲಿರಿ' ಎಂದು ಯಾರಾದರೂ ಪರಿಚಯ ಮಾಡಿಸಿದರೆ ಅವರ ಹಿಂದೆ ಇಡೀ ಮನೆಮಂದಿಯನ್ನು ಹುಡುಕಬೇಡಿ. ಸೆರಗು ಹೊದ್ದ ಒಬ್ಬರೇ ಒಬ್ಬರು ನಿಂತಿರುತ್ತಾರೆ, ಅವರೇ ಫ್ಯಾಮಿಲಿ. ನಮ್ಮ ಅಪ್ಪ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಹೊರಗಿನವರ ಮುಂದೆ ಅವ್ವನ ಹೆಸರು ಹೇಳುವುದಕ್ಕಿಂತ ನಾಲಿಗೆ ಕತ್ತರಿಸಿಕೊಳ್ಳುವುದೇ ವಾಸಿ ಎಂದು ತಿಳಿದ ಮನುಷ್ಯ. ನಾನು ಆರು ವರ್ಷದವನಿದ್ದಾಗ ಅವ್ವನನ್ನು ಡಾಕ್ಟರರ ಬಳಿ ಕರೆದುಕೊಂಡು ಹೋಗಿದ್ದರು. ಹಟ ಮಾಡಿ ನಾನೂ ಬೆನ್ನು ಹತ್ತಿದ್ದೆ.

"ಫ್ಯಾಮಿಲಿಗೆ ಎರಡು ದಿನದಿಂದ ಜ್ವರ ಬಂದಾವ್ರಿ," ಎಂದರು ಅಪ್ಪ.

ಸಾಲಿಯಲ್ಲಿ ಮಾಸ್ತರರು ಫ್ಯಾಮಿಲಿ ಎಂದರೆ ತಂದೆ, ತಾಯಿ, ಮಕ್ಕಳು ಎಂದು ಕಲಿಸಿದ್ದರು. ಅಂದಮೇಲೆ ಜ್ವರ ನನಗೂ ಬಂದಿರಲೇಬೇಕು. ನಾನು ಕೂಡಲೇ ಮುಂದೆ ಹೋಗಿ ಬಾಯಿ ತೆರೆದು ನಾಲಿಗೆ ಚಾಚಿ ನಿಂತೆ. ಡಾಕ್ಟರರು ಕನ್ನಡಕದ ಮೇಲಿಂದ ನೋಡಿ, "ಈ ಫ್ಯಾಮಿಲಿಗೂ ಒಂದು ಸೂಜಿ ಹಾಕೂಣೇನು?" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನನಗೆ ಆಗಿನ್ನೂ ಗೊತ್ತಿರಲಿಲ್ಲ, ಆದರೆ ಅರ್ಥ ಅಂದೇ ಆಯಿತು. ನಾನು ಅತ್ತ ಅಳುವಿಗೆ ಹೊರಗೆ ಕುಳಿತ ನಾಲ್ಕು ಪೇಶಂಟುಗಳು ಎದ್ದು ಮನೆಗೆ ಹೋದರಂತೆ. ಅವ್ವ ಇದನ್ನು ಸಾಯುವವರೆಗೂ ಹೇಳಿ ನಗುತ್ತಿದ್ದಳು.

ಫಾಮಲಿ ರೂಮಿಗೂ ನಾವು ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆವು. ಕಟ್ಟಿಗೆಯ ಏಣಿ ಹತ್ತಿ ಹೋದರೆ ಮೇಲೆ ಮೂರು ಗೂಡುಗಳು, ಪ್ರತಿ ಗೂಡಿಗೂ ಒಂದೊಂದು ಹಸಿರು ಪರದೆ. ಊಟ ಮಾಡಿದವರೆಲ್ಲ ಕೈ ಒರೆಸಿ ಒರೆಸಿ ಆ ಪರದೆಗೆ ಸಾಂಬಾರಿನ ವಾಸನೆ ಬಂದಿತ್ತು. ಆದರೆ ಅಪ್ಪ ಮೇಲೆ ಬರುತ್ತಿರಲಿಲ್ಲ. ಹೆಂಡತಿಯ ಎದುರು ಕುಳಿತು ದೋಸೆ ತಿನ್ನಲು ಅವರಿಗೆ ನಾಚಿಕೆ. ನಮ್ಮಿಬ್ಬರನ್ನು ಪರದೆಯ ಒಳಗೆ ಬಿಟ್ಟು, ತಾವು ಕೆಳಗೆ ಗೆಳೆಯರ ಜೊತೆ ಚಹಾ ಕುಡಿಯುತ್ತಾ ಕೂರುತ್ತಿದ್ದರು. ಅಲ್ಲಿ ಯಾರಾದರೂ ಕೇಳಿದರೆ, "ಫ್ಯಾಮಿಲಿ ಮ್ಯಾಲೆ ಅದಾರ," ಎನ್ನುತ್ತಿದ್ದರು. ನನಗೋ ಖುಷಿ. ಅಪ್ಪನಿಲ್ಲದಿದ್ದರೆ ಇನ್ನೊಂದು ದೋಸೆ ಕೇಳಬಹುದಿತ್ತು.

ಈಗ ನನ್ನ ಫ್ಯಾಮಿಲಿಯ ಕಥೆ. ಅದು ಚಿಕ್ಕದು. ನಾನು ಧಾರವಾಡದ ಹತ್ತಿರ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನೀರಿನ ವಾಲ್ವು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೆಂಡತಿಯ ತವರು ಹುಬ್ಬಳ್ಳಿ ತಾಲೂಕಿನ ಸುಳ್ಳ. ಮದುವೆ ಗೊತ್ತಾದಾಗ ಗೆಳೆಯರು, "ಸುಳ್ಳದ ಹುಡುಗಿಯಪಾ, ವಿಚಾರ ಮಾಡಿ ಮಾಡಕೋ," ಎಂದು ಚಾಷ್ಟಿ ಮಾಡಿದ್ದರು. ಹಾಗೆ ನೋಡಿದರೆ ನಮ್ಮಿಬ್ಬರಲ್ಲಿ ಹೆಚ್ಚು ಸುಳ್ಳು ಹೇಳಿದವನು ಹುಬ್ಬಳ್ಳಿಯವನಾದ ನಾನೇ. ನನ್ನ ಸಿಟ್ಟು ಮೂಗಿನ ತುದಿಯಲ್ಲಿ ಇರುತ್ತಿತ್ತು, ಅವಳ ಸಿಟ್ಟು ಹೊಟ್ಟೆಯಲ್ಲಿ. ಒಂಬತ್ತು ವರ್ಷ ಜಗಳವಾಡಿದೆವು, ಆಮೇಲೆ ಜಗಳವೂ ಬೇಸರ ಬಂದು ಬೇರೆಯಾದೆವು. ಅವಳೀಗ ಸುಳ್ಳದಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾಳೆ. ಎಂಟು ವರ್ಷದ ನಮ್ಮ ಮಗಳು ಶಾಂಭವಿ ಅವಳ ಜೊತೆಗಿದ್ದಾಳೆ. ತಿಂಗಳ ಎರಡನೆಯ ಭಾನುವಾರ ಮಾತ್ರ ನನ್ನದು. ಅದಕ್ಕೂ ಒಂದು ಮಾತಿದೆ: ಹುಡುಗಿ ಒಲ್ಲೆ ಎಂದರೆ ಯಾರೂ ಒತ್ತಾಯ ಮಾಡಬಾರದು.

ಆ ಭಾನುವಾರ ನಾನು ಸುಳ್ಳದ ಬಸ್ ಸ್ಟ್ಯಾಂಡಿಗೆ ಹೋಗಿ ಮಗಳನ್ನು ಕರೆದುಕೊಂಡು ದೊಡ್ಡ ಊರಿಗೆ ಹೊರಡುತ್ತೇನೆ. ದೊಡ್ಡ ಊರೆಂದರೆ ಹುಬ್ಬಳ್ಳಿಯೇ. ಬೆಂಗಳೂರು, ಮುಂಬಯಿ ನೋಡಿದವರು ನಗಬೇಡಿ. ಎಂಟು ವರ್ಷದವಳಿಗೆ ಮಾಲಿನಲ್ಲಿ ತಾನೇ ಮೇಲೆ ಹೋಗುವ ಮೆಟ್ಟಿಲು ಇರುವ ಊರೆಲ್ಲ ದೊಡ್ಡ ಊರೇ. ಮೆಟ್ಟಿಲು ಹತ್ತುತ್ತೇವೆ, ಇಳಿಯುತ್ತೇವೆ, ಮತ್ತೆ ಹತ್ತುತ್ತೇವೆ. ಆಮೇಲೆ ಊಟ. ಕಷ್ಟ ಶುರುವಾಗುವುದು ಅಲ್ಲಿಯೇ.

ಕಳೆದ ತಿಂಗಳು ನಾನು ಬಹಳ ಜಾಣ ಶಹಾಣ್ಯಾ ಆಗಿ ಫೋನಿನಲ್ಲಿ ಹೋಟೆಲು ಹುಡುಕಿದೆ. 'ಮಕ್ಕಳಿರುವ ಕುಟುಂಬಗಳಿಗೆ ಯೋಗ್ಯ' ಎಂದು ಬರೆದು ಪಕ್ಕದಲ್ಲಿ ನಕ್ಷತ್ರಗಳನ್ನು ಕೊಟ್ಟಿದ್ದರು. ಗಾಜಿನ ಬಾಗಿಲು, ಒಳಗೆ ದೊಡ್ಡ ತೊಟ್ಟಿಯಲ್ಲಿ ಬಣ್ಣದ ಮೀನು. ಬಾಗಿಲಲ್ಲಿ ಬಾಡಿಗೆಯ ರುಮಾಲು ಸುತ್ತಿಕೊಂಡ ಒಬ್ಬ ಮೀಸೆಯವನು ನಮಗೆ ಸಲಾಮು ಹೊಡೆದ. ಹೊಡೆದು, ನನ್ನ ಭುಜದ ಮೇಲಿಂದ ರಸ್ತೆಯ ಕಡೆ ನೋಡಿದ.

"ಫ್ಯಾಮಿಲಿ ಎಲ್ಲಿ ಅದಾರ್ರಿ?"

ಹೆಂಡತಿ ಆಟೋದಿಂದ ಇಳಿಯುತ್ತಿರಬೇಕು ಎಂದುಕೊಂಡಿದ್ದನೋ ಏನೋ. "ಇಕೀನ ನಮ್ಮ ಫ್ಯಾಮಿಲಿ," ಎಂದೆ ನಾನು, ಮಗಳ ತಲೆಯ ಮೇಲೆ ಕೈಯಿಟ್ಟು.

"ಅಲ್ರಿ, ಲೇಡೀಸ್ ಯಾರೂ ಇಲ್ಲೇನು?"

"ಇಲ್ಲ. ನಾವಿಬ್ರ."

"ಹಂಗಾರ ನೀವು ಜೆಂಟ್ಸ್ ಆತ್ರಿ. ಆ ಕಡೆ ಕುಂದರ್ರಿ."

ನೀವೇ ಹೇಳಿ. ಎರಡು ಜಡೆ, ಎರಡಕ್ಕೂ ಕೆಂಪು ರಿಬ್ಬನ್ನು, ಕೈತುಂಬ ಬಳೆ. ಅಂಥ ನನ್ನ ಮಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಜೆಂಟ್ಸ್ ಆದಳು! ಪರದೆಯ ಈಚೆ, ಜೆಂಟ್ಸ್ ಕಡೆ, ಕೈತೊಳೆಯುವ ಜಾಗದ ಪಕ್ಕದಲ್ಲೇ ಒಂದು ಟೇಬಲ್ಲು ಕೊಟ್ಟರು. ಹಿಂದೆ ಆರು ಜನ ಯಾವುದೋ ಸೈಟಿನ ವ್ಯವಹಾರವನ್ನು ಇಡೀ ಊರಿಗೆ ಕೇಳುವಂತೆ ಗುಟ್ಟಾಗಿ ಮಾತನಾಡುತ್ತಿದ್ದರು. ಬಂದುಹೋದವರೆಲ್ಲ ನಮ್ಮ ಬೆನ್ನ ಮೇಲೆ ಕೈ ಝಾಡಿಸಿದರು. ಶಾಂಭವಿ ಎರಡು ಚಮಚ ನೂಡಲ್ಸು ತಿಂದಳು. ನೀರು ಕುಡಿ ಎಂದರೆ ಒಲ್ಲೆ ಎಂದಳು. ಬಸ್ಸಿನಲ್ಲಿಯೂ ಒಲ್ಲೆ. ಸುಳ್ಳದಲ್ಲಿ ಇಳಿದವಳೇ, ಕರೆದೊಯ್ಯಲು ಬಂದಿದ್ದ ತಾಯಿಯ ಕೈಚೀಲದಿಂದ ಬಾಟಲಿ ಕಿತ್ತುಕೊಂಡು ಗಟಗಟ ಕುಡಿದಳು. ಖಾರ ಹತ್ತಿರಬೇಕು ಎಂದುಕೊಂಡು ನಾನು ಧಾರವಾಡದ ಬಸ್ಸು ಹತ್ತಿದೆ.

ಮರುದಿನ ಅವಳ ತಾಯಿಯ ಫೋನು ಬಂತು. ಅವಳು ಹೆಚ್ಚು ಮಾತಿನವಳಲ್ಲ.

"ನಿಮ್ಮ ಜೋಡಿ ಬಂದಾಗ ಆಕಿ ನೀರ ಕುಡಿಯೂದಿಲ್ಲಂತ. ಮುಂಜಾನಿಂದ ಸಂಜೀತನಾ."

"ಯಾಕ?"

"ಒಂದಕ್ಕ ಬಂದ್ರ ಎಲ್ಲಿ ಹೋಗೋದು ಅಂತಾಳ. ಪಪ್ಪಾಗ ಹೆಣ್ಣಮಕ್ಕಳ ಕಡೆ ಬರಾಕ ಬಿಡೂದಿಲ್ಲ, ಒಬ್ಬಾಕಿನ ಹೋಗಾಕ ಅಂಜಿಕಿ. ಅದಕ್ಕ ಕುಡಿಯೂದ ಬಿಟ್ಟಾಳ. ಮುಂದಿನ ತಿಂಗಳ ಹೋಗಂಗಿಲ್ಲ ಅಂತ ಅಳಾಕತ್ತಿದ್ಲು." ಮತ್ತೆ ತಾನೇ ಹೇಳಿದಳು, "ನಾ ಹೇಳಿಕೊಟ್ಟಿಲ್ಲ ಮತ್ತ."

"ಗೊತ್ತೈತಿ."

"ಇನ್ನೊಂದ ಸಲ ಹೋಗಿ ನೋಡು ಅಂತ ಆಕಿಗೆ ಹೇಳೇನಿ. ಒಂದ ಸಲ."

ಏಳು ತಿಂಗಳಿಂದ ನಾವು ಹೀಗೆ ತಿರುಗುತ್ತಿದ್ದೆವು. ಏಳು ಭಾನುವಾರ ನನ್ನ ಮಗಳು ಬಾಯಾರಿಕೊಂಡು ನನ್ನ ಕೈಹಿಡಿದು ಊರೆಲ್ಲ ಓಡಾಡಿದ್ದಳು. ನಾನೋ, ಎಂಥ ಛಲೋ ಅಪ್ಪ ನಾನು ಎಂದು ಬೀಗುತ್ತಾ ಅವಳಿಗೆ ಬಲೂನು ಕೊಡಿಸಿದ್ದೆ. ದಿನವಿಡೀ ವಾಲ್ವಿನಲ್ಲಿ ನೀರು ಬಿಟ್ಟು ಎಲ್ಲಿ ಸೋರುತ್ತದೆ ಎಂದು ನೋಡುವುದು ನನ್ನ ಕೆಲಸ. ಮಗಳ ಬಾಯಿ ಒಣಗಿದ್ದು ಕಾಣಲಿಲ್ಲ. ಆ ದಿನ ಕಾರ್ಖಾನೆಯಲ್ಲಿ ಮೂವರನ್ನು ವಿನಾಕಾರಣ ಬೈದೆ.

ಬೈಸಿಕೊಂಡವರಲ್ಲಿ ಲೇಥ್ ಯಂತ್ರದ ದಸ್ತಗೀರನೂ ಒಬ್ಬ. ನಮ್ಮ ಹಳೇ ಹುಬ್ಬಳ್ಳಿಯವನೇ, ನಾಲ್ಕು ಹೆಣ್ಣುಮಕ್ಕಳ ತಂದೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬಂದು ಪಕ್ಕದಲ್ಲಿ ಕುಳಿತು, ಏನಾಯಿತು ಎಂದು ಕೇಳಿದ. ಹೇಳಿದೆ.

"ಸಾಹೇಬ್ರ, ಆ ಫೋನ್ ಒಳಗ ಇಡ್ರಿ ಮದಲ," ಎಂದ. "ನಕ್ಷತ್ರ ನೋಡಿ ಹೋಟೆಲಿಗೆ ಹೋಗೂದೇನು, ನೀವೇನ ಲಗ್ನ ಮಾಡಾಕತ್ತೀರೇನು? ಹೆಣ್ಣಹುಡುಗಿ ಕರಕೊಂಡ ಹೋಗಬೇಕಂದ್ರ ತಿನ್ನೂದು ಆಮ್ಯಾಲ. ಸಂಡಾಸದ ಬಾಗಲಾ ನೀವು ಕುಂತಲ್ಲಿಂದ ಕಾಣತೈತೋ ಇಲ್ಲೋ, ಚಿಲಕ ಹುಡುಗಿ ಕೈಗೆ ಸಿಗತೈತೋ ಇಲ್ಲೋ, ಅದನ್ನ ನೋಡ್ರಿ. ನನ್ನ ನಾಕೂ ಹುಡುಗ್ಯಾರನ್ನ ಹಂಗ ಬೆಳಿಸೇನಿ."

ಇಷ್ಟು ಬುದ್ಧಿಯ ಮಾತನ್ನು ನಾನು ಯಾವ ಫೋನಿನಲ್ಲೂ ಓದಿರಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಪಾಳಿ ಮುಗಿದ ಮೇಲೆ ಹುಬ್ಬಳ್ಳಿಗೆ ಹೋಗಿ ಹೋಟೆಲು ಪರೀಕ್ಷೆ ಶುರು ಮಾಡಿದೆ. ಆದರೆ ದಸ್ತಗೀರ ಒಂದು ಮಾತು ಹೇಳುವುದನ್ನು ಮರೆತಿದ್ದ. ನಲವತ್ತು ದಾಟಿದ ಒಂಟಿ ಗಂಡಸು ಹೋಟೆಲಿಗೆ ಹೋಗಿ, ಒಂದು ಚಹಾ ಕೂಡ ಹೇಳದೆ, "ಹೆಣ್ಣಮಕ್ಕಳ ಸಂಡಾಸ ಸ್ವಲ್ಪ ತೋರಸ್ರಿ," ಎಂದರೆ ಏನಾಗುತ್ತದೆ? ಮೊದಲನೆಯ ಹೋಟೆಲಿನಲ್ಲಿ ಹಣದ ಗಲ್ಲೆಯ ಮೇಲಿದ್ದವನು ಕೇಳಿಸದವನಂತೆ ನಟಿಸಿದ. ಎರಡನೆಯದರಲ್ಲಿ ಇಬ್ಬರು ಎದ್ದು ನಿಂತರು.

"ಏನಂದಿ?"

"ಚಿಲಕ ಎಷ್ಟ ಎತ್ತರಕ್ಕೈತಿ ನೋಡಬೇಕಾಗಿತ್ರಿ."

"ಚಿಲಕಾ?"

"ಫ್ಯಾಮಿಲಿ ಕರಕೊಂಡ ಬರಾಂವದೇನ್ರಿ ನಾನು!"

"ಮದಲ ಫ್ಯಾಮಿಲಿ ಕರಕೊಂಡ ಬಾ. ಆಮ್ಯಾಲ ನಿನಗ ಚಿಲಕಾ ತೋರಸತೇವಿ."

ಅವರು ತೋಳು ಏರಿಸಿದ ರೀತಿ ನೋಡಿ ನಾನು ಚಿಲಕದ ಆಸೆ ಬಿಟ್ಟು ಹೊರಗೆ ಬಂದೆ. ಮೈಯೆಲ್ಲ ಉರಿಯಿತು. ಉರಿಯುವುದಕ್ಕೆ ನನಗೆ ಹಕ್ಕಿಲ್ಲವೆಂದು ಗೊತ್ತಾದಾಗ ಇನ್ನೂ ಹೆಚ್ಚು ಉರಿಯಿತು, ಏಕೆಂದರೆ ನಾನು ಅವರ ಜಾಗದಲ್ಲಿದ್ದರೆ ಎರಡು ಬಿಟ್ಟೇ ಕಳಿಸುತ್ತಿದ್ದೆ.

ಮೂರನೆಯದರ ಕಥೆಯೂ ಬೇರೆಯಲ್ಲ. ಕೊನೆಗೆ ನಾಲ್ಕನೆಯದು ಒಂದು ಖಾನಾವಳಿ. ನಡೆಸುವವರು ಅರವತ್ತರ ಆಸುಪಾಸಿನ ಒಬ್ಬ ತಾಯಿ. ನನ್ನ ಮಾತು ಮುಗಿಯುವ ಮೊದಲೇ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, "ಬರ್ರಿ, ನೋಡ್ರಿ," ಎಂದು ತಾವೇ ಬಾಗಿಲು ತೆರೆದು ತೋರಿಸಿದರು. ಸ್ವಚ್ಛವಾಗಿತ್ತು. ಚಿಲಕ ನನ್ನ ಸೊಂಟದ ಮಟ್ಟಕ್ಕಿತ್ತು. "ನಾನ ಕರಕೊಂಡ ಹೋಗತೇನಿ ಬಿಡ್ರಿ ಮಗೂನ್ನ, ಅದಕ್ಯಾಕ ಇಷ್ಟ ಚಿಂತಿ," ಎಂದರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಆ ಫೋನು ಬಂದ ಮೂರು ವಾರದ ನಂತರ ಮೊದಲ ಸಲ ನೆಮ್ಮದಿಯಿಂದ ಮಲಗಿದೆ.

ಭಾನುವಾರ ಶಾಂಭವಿ ಬಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ತಾಯಿ ತುಂಬಿಸಿ ಕೊಟ್ಟ ಬಾಟಲಿಯ ಮುಚ್ಚಳ ತೆಗೆಯಲಿಲ್ಲ. ಮೆಟ್ಟಿಲು ಹತ್ತಿ ಇಳಿದದ್ದೂ ಒಂದೇ ಸಲ. ನಾನು ಮಾತ್ರ ಗೆದ್ದವನಂತೆ ಅವಳನ್ನು ಖಾನಾವಳಿಯ ಮುಂದೆ ತಂದು ನಿಲ್ಲಿಸಿದೆ. ಒಳಗಿನಿಂದ ಪಟಪಟ ಬಡಿಯುವ ಸದ್ದು ಬರುತ್ತಿತ್ತು.

"ರೊಟ್ಟೀನಾ?" ಎಂದಳು ಶಾಂಭವಿ.

"ಬಿಸಿ ಬಿಸಿ ರೊಟ್ಟಿ. ಎಣಗಾಯಿ. ಮತ್ತ ಇಲ್ಲಿ—"

"ದಿನಾ ಅವ್ವ ರೊಟ್ಟೀನ ಮಾಡತಾಳ. ರೊಟ್ಟಿ ತಿನ್ನಾಕ ಹುಬ್ಬಳ್ಳಿಗೆ ಯಾಕ ಬರಬೇಕ ಪಪ್ಪಾ?" ಅವಳ ಮೂಗಿನ ತುದಿ ಕೆಂಪಗಾಗಿತ್ತು. ಮುಖ ತಾಯಿಯದು, ಸಿಟ್ಟು ಮಾತ್ರ ನನ್ನದು. "ನನಗ ಮೀನಿನ ಹೋಟೆಲ್ ಬೇಕು."

ದಾರಿಯಲ್ಲಿ ಹೋಗುತ್ತಿದ್ದ ವಿಭೂತಿಯ ಅಜ್ಜರೊಬ್ಬರು ನಿಂತು, ಮಗುವಿಗೆ ಎಂಥ ಸಂಸ್ಕಾರ ಕೊಟ್ಟಿದ್ದೀಯಪ್ಪಾ ಎಂಬಂತೆ ನನ್ನನ್ನು ನೋಡಿದರು. "ನೋಡೂ ಮೀನ್ರಿ, ತಿನ್ನೂ ಮೀನಲ್ಲ," ಎಂದು ಅವರಿಗೆ ವಿವರಿಸಿ, ಮಗಳ ಕೈಹಿಡಿದು ಹೊರಟೆ. ನಾನು ಜನ್ಮದಲ್ಲಿ ಕಾಲಿಡುವುದಿಲ್ಲ ಎಂದುಕೊಂಡಿದ್ದ ಹೋಟೆಲೇ ಅವಳಿಗೆ ಬೇಕಿತ್ತು. ಮೀನಿನ ತೊಟ್ಟಿ ಇದ್ದದ್ದು ಫ್ಯಾಮಿಲಿಯ ಕಡೆ. ಹೋದ ಸಲ ಅವಳು ಅದನ್ನು ದೂರದಿಂದಲೇ ನೋಡಿದ್ದಳು.

ಅದೇ ಗಾಜಿನ ಬಾಗಿಲು, ಅದೇ ರುಮಾಲು, ಅದೇ ಸಲಾಮು. ಅವನ ಕಣ್ಣು ಮತ್ತೆ ನನ್ನ ಭುಜದ ಮೇಲಿಂದ ರಸ್ತೆಗೆ ಹೋಯಿತು.

"ಫ್ಯಾಮಿಲಿ ಎಲ್ಲಿ ಅದಾರ್ರಿ?"

"ಸುಳ್ಳದಾಗ ಅದಾರ!" ಎಂದು ಕೂಗಿದೆ.

ಅವನು ಗಾಬರಿಯಾದ. "ಸುಳ್ಳೇನ್ರಿ?"

"ಸುಳ್ಳಲ್ಲೋ ಮಾರಾಯಾ, ಖರೇನ ಸುಳ್ಳದಾಗ ಅದಾರ!"

ಒಳಗೆ ಯಾರೋ ಕಿಸಕ್ಕನೆ ನಕ್ಕರು. ನನ್ನ ತಲೆ ಕೆಟ್ಟಿತು. ಗಲ್ಲೆಯಿಂದ ಮ್ಯಾನೇಜರ್ ಎದ್ದು ಬಂದರು. ಹಣೆಯ ತುಂಬ ವಿಭೂತಿ ಇದ್ದ ಮೆತ್ತನೆಯ ಮನುಷ್ಯ. "ಯಾಕ್ರಿ ಯಜಮಾನ್ರ, ಏನಾತು?" ಎಂದು ಅವರು ಕೇಳಿದ್ದೇ ತಡ, ತಿಂಗಳಿಂದ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು.

"ಏನಾತಾ? ಈ ಹುಡುಗಿ ಫ್ಯಾಮಿಲಿ ಅಲ್ಲೇನ್ರಿ? ಹೆಂಡತಿ ಇದ್ರಷ್ಟ ಫ್ಯಾಮಿಲಿನ? ಮಗಳನ್ನ ಹಡದಾಂವಗ ನಿಮ್ಮ ಹೋಟೆಲ್ಯಾಗ ಜಾಗಾ ಇಲ್ಲ? ಹೆಣ್ಣಮಕ್ಕಳ ಸಂಡಾಸ ಪರದೆದಾಚಿ, ನಮ್ಮನ್ನ ಕುಂದ್ರಸೂದು ಈಚಿ. ಎಂಟು ವರ್ಷದ ಕೂಸು ಹೆಂಗ ಹೋಗಬೇಕು? ಏಳು ತಿಂಗಳಾತ್ರಿ, ನನ್ನ ಜೋಡಿ ಬಂದ್ರ ಒಂದಕ್ಕ ಬರತೈತಂತ ಅಂಜಿ ನೀರ ಕುಡಿಯೂದಿಲ್ಲ ಇದು!"

ಹೋಟೆಲಿನವರೆಲ್ಲ ಚಮಚ ಕೆಳಗಿಟ್ಟು ನಮ್ಮ ಕಡೆ ತಿರುಗಿದ್ದರು. ಆಗ ನನ್ನ ಕೈಯಿಂದ ಶಾಂಭವಿಯ ಕೈ ಜಾರಿಹೋಯಿತು. ನೋಡಿದರೆ ಅವಳು ಕೆಂಪಗಾಗಿ ತಲೆ ತಗ್ಗಿಸಿ ನಿಂತಿದ್ದಳು. ತಾಯಿಯ ಹತ್ತಿರ ಅತ್ತು ಹೇಳಿಕೊಂಡಿದ್ದ ಅವಳ ಗುಟ್ಟನ್ನು ನಾನು ಊರಿನ ಮುಂದೆ ಕೂಗಿ ಹೇಳಿದ್ದೆ. ಇದೇ ಕೊನೆಯ ಭಾನುವಾರ ಎಂದುಕೊಂಡೆ. ನನ್ನ ಸಂಸಾರ ಒಡೆದದ್ದೂ ಹೀಗೆಯೇ: ನ್ಯಾಯವೆಲ್ಲ ನನ್ನ ಕಡೆಗಿರುತ್ತಿತ್ತು, ಬಾಯಿ ಮಾತ್ರ ಹಿಡಿತದಲ್ಲಿರುತ್ತಿರಲಿಲ್ಲ.

"ರೂಲ್ ಮಾಲಕರದ್ರಿ, ನಂದಲ್ಲ," ಎಂದರು ಮ್ಯಾನೇಜರ್ ಸಣ್ಣ ಧ್ವನಿಯಲ್ಲಿ. "ಬರೇ ಗಂಡಸರನ್ನ ಒಳಗ ಕುಂದ್ರಿಸಿದ್ರ ಹೆಣ್ಣಮಕ್ಕಳು ಜಗಳಾ ತಗೀತಾರ. ಅವರದೂ ಖರೇನ ಐತಿ." ಆಮೇಲೆ ವೇಟರ್‌ಗಳ ಕಡೆ ತಿರುಗಿ, "ಏ, ಒಂದು ಟೇಬಲ್ ತಂದು ಬಾಗಲದಾಗ ಹಾಕ್ರೋ," ಎಂದರು.

ಹಾಕಿದರು. ಜೆಂಟ್ಸಿಗೂ ಫ್ಯಾಮಿಲಿಗೂ ನಡುವಿನ ಬಾಗಿಲಲ್ಲಿ, ಹೊಸ್ತಿಲಿಗೆ ಅಡ್ಡವಾಗಿ, ಪರದೆಯನ್ನು ಮೇಲೆ ಕಟ್ಟಿ. ನನ್ನ ಕುರ್ಚಿ ಜೆಂಟ್ಸಿನಲ್ಲಿ, ಮಗಳ ಕುರ್ಚಿ ಫ್ಯಾಮಿಲಿಯಲ್ಲಿ. ರೂಲೂ ಮುರಿಯಲಿಲ್ಲ, ಗಿರಾಕಿಯೂ ಹೋಗಲಿಲ್ಲ. ವೇಟರ್‌ಗಳು ತಟ್ಟೆಗಳನ್ನು ತಲೆಯ ಮೇಲೆ ಎತ್ತಿಕೊಂಡು ಓರೆಯಾಗಿ ನುಸುಳತೊಡಗಿದರು. ಇದಕ್ಕಿಂತ ದೊಡ್ಡ ಅವಮಾನ ಉಂಟೇ ಎಂದು ನಾನು ಕುದಿಯುತ್ತಾ ಕುಳಿತೆ. ಶಾಂಭವಿ ಮೀನು ನೋಡಿದಳು, ಟೇಬಲ್ಲಿನ ಕೆಳಗೆ ಬಗ್ಗಿ ಹೊಸ್ತಿಲು ನೋಡಿದಳು, ನನ್ನನ್ನು ನೋಡಿದಳು.

"ಪಪ್ಪಾ, ನೀ ಹೊರಗ ಅದೀ, ನಾ ಒಳಗ ಅದೇನಿ," ಎಂದು ನಗಲು ಶುರು ಮಾಡಿದಳು.

ನೂಡಲ್ಸು ಬಂತು. ತಿಂದಳು. ತಿನ್ನುತ್ತಾ ನಡುವೆ, ಬಲಗಡೆ ಮೀನಿನ ತೊಟ್ಟಿಯ ಆಚೆಗಿದ್ದ ಒಂದು ಬಾಗಿಲನ್ನು ನೋಡಿದಳು. ಅದು ನನ್ನ ಕುರ್ಚಿಯಿಂದಲೂ ಕಾಣುತ್ತಿತ್ತು. ಜೀವನದಲ್ಲಿ ಒಂದು ಸಲವಾದರೂ ಬಾಯಿ ಮುಚ್ಚಿಕೊಂಡು ಕುಳಿತೆ. ಅವಳು ಗ್ಲಾಸು ಎತ್ತಿಕೊಂಡು ನೀರು ಕುಡಿದಳು. ಅರ್ಧ ಕುಡಿದು, ನನ್ನ ಮುಖ ನೋಡಿ, ಉಳಿದರ್ಧವನ್ನೂ ಕುಡಿದಳು. ನಾನು ನನ್ನ ಗ್ಲಾಸನ್ನು ಅವಳ ಕಡೆ ಸರಿಸಿದೆ. ಅದನ್ನೂ ಕುಡಿದಳು.

ಸ್ವಲ್ಪ ಹೊತ್ತಿಗೆ ಕುರ್ಚಿಯಿಂದ ಇಳಿದು ಬಂದು ನನ್ನ ಕಿವಿಯಲ್ಲಿ ಹೇಳಿದಳು. "ನೀನೂ ಬಾ. ಒಳಗ ಬರಬ್ಯಾಡ. ಬಾಗಲದ ಮುಂದ ನಿಂದ್ರು."

ಹೊಸ್ತಿಲು ದಾಟಿ ಫ್ಯಾಮಿಲಿಯ ಒಳಗೆ ಹೋದೆ. ಎಲ್ಲ ಟೇಬಲ್ಲುಗಳೂ ನೋಡಿದವು. ಚಿಲಕ, ದಸ್ತಗೀರ ಎಚ್ಚರಿಸಿದ್ದಂತೆಯೇ, ಅವಳ ಕೈಗೆ ಸಿಗಲಿಲ್ಲ. "ನೀ ಹೊರಗಿಂದ ಹಿಡಕೋ," ಎಂದಳು. ನಾನು ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಿಂದ ಎಳೆದು ಹಿಡಿದು ನಿಂತೆ. ಮಗುವನ್ನು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರಿ, ಇದು ಲೇಡೀಸ್ ಐತ್ರಿ. ಇಲ್ಲ್ಯಾಕ ನಿಂತೀರಿ?"

ನನ್ನ ಮೂಗಿನ ತುದಿಗೆ ಸಿಟ್ಟು ಬಂದು ನಿಂತಿತು. ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಧ್ವನಿ ಬಂತು.

"ಪಪ್ಪಾ, ಅದೀಯೇನು?"

"ಅದೇನಿ," ಎಂದೆ.

ಆ ಹೆಣ್ಣುಮಗಳು ಕಂಕುಳಿನ ಮಗುವನ್ನು ಇನ್ನೊಂದು ಕಡೆಗೆ ಬದಲಿಸಿಕೊಂಡು ನನ್ನ ಹಿಂದೆ ನಿಂತಳು. ಒಳಗೆ ನೀರು ಬೀಳುವ ಸದ್ದಾಯಿತು.

"ಪಪ್ಪಾ, ಅದೀಯಿಲ್ಲೋ?"

"ಅದೇನವ್ವಾ."

ಆಮೇಲೆ, ಬಾಗಿಲಿಗೆ ಬಾಯಿ ಹಚ್ಚಿ ಕೇಳಿದಂತೆ, ಹತ್ತಿರದಿಂದ ಧ್ವನಿ ಬಂತು.

"ಮುಂದಿನ ತಿಂಗಳಾನೂ ಹಿಂಗ ನಿಂದರತೀಯೇನು?"

"ನಿಂದರತೇನಿ," ಎಂದೆ. ಅಡಿಗೆಮನೆಯವರಿಗೂ ಕೇಳಿಸಿರಬೇಕು.